ಹತ್ತು ನಿಮಿಷದ ಹೆಬ್ಬೆರಳು

ಆಕೆ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ಊರಿನ ಹೆಸರಿನಿಂದ ಕರೆಯುತ್ತಿದ್ದಳು. "ಏ ಗುತ್ತಲ, ನಿನ್ನ ಪಾಳಿ ಬಾ." "ಏ ಐರಣಿ, ಮೊಣಕಾಲ ತೋರ್ಸು." ನಾನು ಬ್ಯಾಡಗಿ. ಆಕೆ ನನಗಿಂತ ಏಳೆಂಟು ವರ್ಷ ಚಿಕ್ಕವಳು. ಆದರೂ ಹನ್ನೆರಡು ವರ್ಷ ನನ್ನನ್ನು "ಏ ಬ್ಯಾಡಗಿ" ಎಂದೇ ಕರೆದಳು. ಒಂದು ಸಲವೂ ಅಮ್ಮಾ ಅನ್ನಲಿಲ್ಲ, ಮಾತಿಗೆ ರೀ ಹಚ್ಚಲಿಲ್ಲ. ರೋಗ ನನ್ನದಲ್ಲ, ನನ್ನ ತಮ್ಮನದು. ಅವನ ಜೊತೆಗೆ ಹೋದ ತಪ್ಪಿಗೆ ನಾನೂ ಒಂದು ಊರಾದೆ.

ಹೋದ ತಿಂಗಳು ಆಕೆ ಸತ್ತಳು. ಹಾವೇರಿಯ ಆಸ್ಪತ್ರೆಯಲ್ಲಿ ಆಕೆ ನರ್ಸ್ ಆಗಿದ್ದ ಕೋಣೆಯಲ್ಲಿ ಫೋಟೋ ಇಟ್ಟು ಹಾರ ಹಾಕಿದ್ದರು. ರಕ್ತ ನಿಲ್ಲದ ರೋಗದವರು, ಅವರ ಮನೆಯವರು, ಇಪ್ಪತ್ತು ಮಂದಿ ಸೇರಿದ್ದರು. ಒಬ್ಬೊಬ್ಬರೇ ಎದ್ದು ತಾಯಿ ಅಂದರು, ದೇವತೆ ಅಂದರು. ಐರಣಿಯವನು ಅತ್ತೇಬಿಟ್ಟ. ಬೈಕಿನಿಂದ ಬಿದ್ದು ಬಂದಾಗ ಇದೇ ಐರಣಿಯವನಿಗೆ ಆಕೆ ಎಲ್ಲರ ಎದುರು ಹೇಳಿದ್ದು ನನಗೆ ನೆನಪಿದೆ: "ಹೆಲ್ಮೆಟ್ ಯಾಕ ಹಾಕ್ಕೊಂಡಿಲ್ಲ? ತಲಿಯಾಗ ಏನೂ ಇಲ್ಲಂತ ನಿನಗ ಮೊದ್ಲ ಗೊತ್ತಿತ್ತೇನು?" ಈಗಿನ ಹೊಸ ನರ್ಸ್ ನನ್ನ ಹತ್ತಿರ ಬಂದು, "ಹಳಬರು ನೀವು, ಎರಡು ಮಾತು ಹೇಳ್ರಿ" ಎಂದಳು. "ನನ್ನ ಬಾಯಾಗ ಆಕಿ ಬಗ್ಗೆ ಒಳ್ಳೇದು ಬರಂಗಿಲ್ಲವ್ವಾ, ಬಿಡು" ಎಂದು ಕುಳಿತೇ ಇದ್ದೆ. ಅಲ್ಲಿ ಹೇಳದೆ ಬಿಟ್ಟದ್ದು ಇದು.

ರೋಗದ ಮಾತು ಮೊದಲು ಹೇಳಿಬಿಡುತ್ತೇನೆ. ಇದು ತಾಯಿಯ ಕಡೆಯಿಂದ ಬರುವಂಥದ್ದು. ಹೆಣ್ಣುಮಕ್ಕಳು ಹೊತ್ತು ತರುತ್ತಾರೆ, ಗಂಡುಮಕ್ಕಳು ಅನುಭವಿಸುತ್ತಾರೆ. ಎಲ್ಲರ ರಕ್ತ ಗಾಯವಾದ ಸ್ವಲ್ಪ ಹೊತ್ತಿಗೆ ತಾನೇ ಹೆಪ್ಪುಗಟ್ಟಿ ನಿಲ್ಲುತ್ತದೆ, ಇವರದು ನಿಲ್ಲುವುದಿಲ್ಲ. ರಕ್ತದಲ್ಲಿ ಇರಬೇಕಾದ ಒಂದು ಅಂಶ ಕಡಿಮೆ ಇರುತ್ತದೆ. ಅದಕ್ಕೆ ಫ್ಯಾಕ್ಟರ್ ಎನ್ನುತ್ತಾರೆ. ಸಣ್ಣ ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ, ನೀರು ಕೂಡಿಸಿ ನರಕ್ಕೆ ಕೊಡಬೇಕು. ನನ್ನ ಅಣ್ಣನೊಬ್ಬ ಕಿವಿ ಚುಚ್ಚಿಸಿದ ಮೂರನೇ ದಿನ ಹೋದ. ಆಗ ಫ್ಯಾಕ್ಟರೂ ಇರಲಿಲ್ಲ, ರೋಗಕ್ಕೆ ಹೆಸರೂ ಇರಲಿಲ್ಲ. ತಮ್ಮ ಉಳಿದ. ಆದರೆ ಅವನ ಎಡಗಡೆಯ ಮೊಣಕಾಲಿನ ಒಳಗೇ ರಕ್ತ ತುಂಬಿ ತುಂಬಿ ಅದು ಕಟ್ಟಿಗೆಯ ಹಾಗಾಗಿದೆ. ಯಾಕೆ ಕುಂಟುತ್ತಾನೆ ಎಂದು ಕೇಳಿದವರಿಗೆಲ್ಲ ವಾತ ಎನ್ನುತ್ತಿದ್ದೆವು. ಅವನಿಗೊಬ್ಬಳೇ ಮಗಳು. ಹೆಂಡತಿ ಬೇಗ ಹೋದಳು, ನನ್ನ ಗಂಡನೂ ಇರಲಿಲ್ಲ. ನಾನು ಅವನ ಮನೆಗೆ ಬಂದು ಹುಡುಗಿಯನ್ನು ಬೆಳೆಸಿದೆ. ಅಪ್ಪನ ರೋಗ ಹೊರಗೆ ಬಿದ್ದರೆ ಆ ಹುಡುಗಿಯನ್ನು ಯಾರು ಕೇಳಿಕೊಂಡು ಬರುತ್ತಾರೆ? ಅದಕ್ಕೇ ವಾತ.

ಆಕೆಯನ್ನು ಮೊದಲು ನೋಡಿದ್ದು ತಮ್ಮನ ಹಲ್ಲಿನ ಸಲುವಾಗಿ. ದವಡೆಯ ಹಲ್ಲು ಅಲುಗಾಡಿ ಬಿದ್ದು ಎರಡು ದಿನ ರಕ್ತ ಸೋರಿತ್ತು. ನಾನು ಅರಿಶಿನ ಒತ್ತಿದ್ದೆ, ಅದರ ಮೇಲೆ ಚಹಾಪುಡಿ ಒತ್ತಿದ್ದೆ. ಆಕೆ ಅವನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿ ನನ್ನ ಕಡೆ ತಿರುಗಿದಳು.

"ಇದು ಬಾಯೋ, ನಿಮ್ಮ ಅಡಗಿಮನಿ ಡಬ್ಬಿಯೋ? ಸಾಸಿವಿ ಹಾಕೋದು ಮರತೀಯೇನು?"

ಹೊರಗೆ ಕುಳಿತವರೆಲ್ಲ ನಕ್ಕರು. ತಮ್ಮ ಬಾಯಿ ತೆರೆದುಕೊಂಡೇ ನಕ್ಕ. ಅವತ್ತಿನಿಂದ ನನಗೆ ಆಕೆಯೆಂದರೆ ಆಗುವುದಿಲ್ಲ.

ಗಿಡ್ಡ ಹೆಂಗಸು. ಉಗುರನ್ನು ಮಾಂಸಕ್ಕೆ ತಾಗುವ ಹಾಗೆ ಕತ್ತರಿಸುತ್ತಿದ್ದಳು. ಗಂಡಸರ ದೊಡ್ಡ ವಾಚನ್ನು ಮುಖ ಒಳಗಾಗಿ ಕಟ್ಟಿಕೊಳ್ಳುತ್ತಿದ್ದಳು. ಬೇರೆ ಕಡೆ ಸೂಜಿ ತೆಗೆದ ಮೇಲೆ ಒಂದಿಷ್ಟು ಹತ್ತಿ ಇಟ್ಟು ಕೈ ಮಡಚು ಅನ್ನುತ್ತಾರೆ, ಮುಗಿಯಿತು. ಈಕೆ ಹಾಗಲ್ಲ. ಹತ್ತಿ ಇಟ್ಟು ತನ್ನ ಹೆಬ್ಬೆರಳನ್ನೇ ಒತ್ತಿ, ವಾಚು ನೋಡಿಕೊಂಡು ಹತ್ತು ನಿಮಿಷ ನಿಲ್ಲುತ್ತಿದ್ದಳು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಒಮ್ಮೆ ದೊಡ್ಡ ಡಾಕ್ಟರೇ ಬಾಗಿಲಲ್ಲಿ ನಿಂತು ಕರೆದರು. "ಏಳು ಆಗೇತ್ರಿ ಸರ, ಇನ್ನ ಮೂರು" ಎಂದಳು, ತಿರುಗಿ ಸಹ ನೋಡಲಿಲ್ಲ. ಅವರು ನಿಂತರು. ಆ ಹತ್ತು ನಿಮಿಷ ಆಕೆಗೆ ಕೈ ಕಟ್ಟಿದ ಹಾಗೆ, ಬಾಯಿ ಮಾತ್ರ ಬಿಡುವು. ಹೆಬ್ಬೆರಳು ಒಬ್ಬರ ಮೇಲೆ, ಬಾಯಿ ಇಡೀ ಕೋಣೆಯ ಮೇಲೆ. ಯಾರ ಮನೆಯಲ್ಲಿ ಜಗಳ, ಯಾರು ಪಾಳಿ ತಪ್ಪಿಸಿ ಜಾತ್ರೆಗೆ ಹೋದರು, ಯಾರು ಗುಟ್ಕಾ ತಿಂದು ಬಂದಿದ್ದಾರೆ, ಎಲ್ಲ ಆಗಲೇ ಹೊರಬರಬೇಕು.

ಹಬ್ಬಕ್ಕೆ ಒಮ್ಮೆ ಒಂದು ಡಬ್ಬಿ ಖಾರದಪುಡಿ ಒಯ್ದಿದ್ದೆ. ನನ್ನ ಕೈಯಾರೆ ತೊಟ್ಟು ತೆಗೆದು, ಎಣ್ಣೆ ಸವರಿ ಹುರಿದು ಕುಟ್ಟಿಸಿದ್ದು. ಮುಚ್ಚಳ ಸಹ ತೆಗೆಯಲಿಲ್ಲ. "ನಿನ್ನ ಬಾಯಾಗಿಂದ ಬರೋ ಖಾರ ಸಾಕಾಗೇತಿ, ಒಯ್ಯಿ" ಎಂದಳು. ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲವಂತೆ. ಬೇರೆಯವರು ಅದನ್ನು ದೊಡ್ಡ ಗುಣವೆಂದು ಹೇಳುತ್ತಾರೆ. ನನಗೆ ಅದು ಸೊಕ್ಕು.

ಆಕೆಯ ಇನ್ನೊಂದು ಚಟ ಚೀಟಿ. ತನ್ನ ಕೋಣೆಗೆ ಬರುವ ಪ್ರತಿಯೊಬ್ಬರಿಗೂ ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ದಾರ ಕಟ್ಟಿ ಕೊರಳಿಗೆ ಹಾಕುತ್ತಿದ್ದಳು. ರೋಗದ ಹೆಸರು, ರಕ್ತದ ಗುಂಪು, ತನ್ನ ಫೋನ್ ನಂಬರು, ಕೆಳಗೆ ಕೆಂಪು ಅಕ್ಷರದಲ್ಲಿ: ಫ್ಯಾಕ್ಟರ್ ಕೊಡದೆ ಸೂಜಿ, ಕತ್ತರಿ ಮುಟ್ಟಿಸಬೇಡಿ. ದನಕ್ಕೆ ಗಂಟೆ ಕಟ್ಟಿದ ಹಾಗೆ. ಹುಡುಗಿಗೆ ಗಂಡು ನೋಡಲು ಶುರು ಮಾಡಿದ ಮೇಲೆ ನಾನು ತಮ್ಮನ ಕೊರಳಿಂದ ಅದನ್ನು ತೆಗೆದು ರವೆ ಡಬ್ಬಿಯಲ್ಲಿ ಹುಗಿದಿಟ್ಟೆ. ಹಾವೇರಿಗೆ ಹೋಗುವ ದಿನ ಮಾತ್ರ ಜಾಡಿಸಿ ಹಾಕುತ್ತಿದ್ದೆ. ಆಕೆ ಮೂಸಿ ನೋಡಿದ್ದಳು. "ಉಪ್ಪಿಟ್ಟಿನ ವಾಸನಿ ಬರಾಕತ್ತೇತೆಲ್ಲ" ಎಂದಳು.

ಹುಡುಗಿಗೆ ರಾಣೆಬೆನ್ನೂರಿನಿಂದ ಒಂದು ಸಂಬಂಧ ಬಂತು. ಬೀಜದ ಅಂಗಡಿಯವರು, ಒಳ್ಳೆಯ ಜನ. ಮಾತುಕತೆ ಮುಗಿದಿತ್ತು, ನಿಶ್ಚಯ ಒಂದು ಉಳಿದಿತ್ತು. ನಾಲ್ಕು ವರ್ಷದ ಹಿಂದಿನ ಮಾತು.

ತಮ್ಮ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರಲ್ಲಿ ಕಾಯಿಯ ರಾಶಿಗಳಿಗೆ ತೂಕ, ದರದ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದ, ನಾನು ಅಲ್ಲೇ ಪಕ್ಕದ ಗೋದಾಮಿನಲ್ಲಿ ತೊಟ್ಟು ತೆಗೆಯುತ್ತಿದ್ದೆ. ಸುಗ್ಗಿಯ ದಿನ, ಮಧ್ಯಾಹ್ನ. ಎದೆ ಉರಿಯುತ್ತದೆ ಎಂದು ಬಂದು ಕುಳಿತ. ಆ ಪೇಟೆಯಲ್ಲಿ ಯಾರ ಎದೆ ಉರಿಯುವುದಿಲ್ಲ? "ಘಾಟು ಹತ್ತೇತಿ, ಮಜ್ಜಿಗಿ ಕುಡಿ" ಎಂದೆ. ಕುಡಿದ. ಬೆವರು ಅಂಗಿ ದಾಟಿ ಇಳಿಯತೊಡಗಿತು, ಎಡಗೈ ಎತ್ತಲು ಬರಲಿಲ್ಲ. ಬೀಗನಾಗಬೇಕಾದವನು ಅವತ್ತು ವ್ಯಾಪಾರಕ್ಕೆ ಪೇಟೆಗೆ ಬಂದಿದ್ದ. ಅವನೇ ತನ್ನ ಕಾರಿನಲ್ಲಿ ಹಾಕಿಕೊಂಡು ರಾಣೆಬೆನ್ನೂರಿನ ಹೃದಯದ ಆಸ್ಪತ್ರೆಗೆ ತಂದ. ಮುಂಜಾನೆಯ ಗಡಿಬಿಡಿಯಲ್ಲಿ ನನ್ನ ಫೋನ್ ಮನೆಯಲ್ಲೇ ಉಳಿದಿತ್ತು.

ಡಾಕ್ಟರ್ ಚಿಕ್ಕ ವಯಸ್ಸಿನವನು. ಇ.ಸಿ.ಜಿ. ಪಟ್ಟಿ ನೋಡಿ, ಹೃದಯದ ರಕ್ತನಾಳ ಮುಚ್ಚಿದೆ, ತಂತಿ ಹಾಕಿ ಬಿಡಿಸಿ ಸ್ಟೆಂಟ್ ಕೂರಿಸಬೇಕು, ತಡ ಮಾಡುವಂತಿಲ್ಲ ಎಂದ. ಆಮೇಲೆ ಕೇಳಿದ. ಅವನು ಕೇಳಲಿಲ್ಲ ಎಂದು ನಾನು ಹೇಳುವುದಿಲ್ಲ, ಸರಿಯಾಗಿಯೇ ಕೇಳಿದ.

"ಬಿ.ಪಿ., ಸಕ್ಕರಿ ಕಾಯಿಲೆ ಏನಾದ್ರೂ ಐತೇನಮ್ಮಾ? ರಕ್ತದ ರೋಗ? ಹಲ್ಲು ಕೀಳಿಸಿದಾಗ, ಗಾಯ ಆದಾಗ ರಕ್ತ ನಿಲ್ಲದಂಗ ಹೋಗಿದ್ದು?"

ಬೀಗ ನನ್ನ ಪಕ್ಕದಲ್ಲೇ ತಮ್ಮನ ಚಪ್ಪಲಿ ಹಿಡಿದುಕೊಂಡು ನಿಂತಿದ್ದ.

"ಇಲ್ರಿ" ಎಂದೆ. "ಗಟ್ಟಿಮುಟ್ಟ ಅದಾನ್ರಿ. ಮೊಣಕಾಲಿಗೆ ವಾತ ಒಂದ."

ತಮ್ಮನಿಗೆ ಕೇಳಿಸಿತು. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡ. ಅವನಿಗೂ ಮಗಳೇ ಕಾಣುತ್ತಿದ್ದಳು.

ರಕ್ತ ತೆಳುವಾಗುವ ಗುಳಿಗೆ ಅಗಿಯಲು ಕೊಟ್ಟರು. ಹೃದಯದ ನಾಳ ಕಟ್ಟಿದವರಿಗೆಲ್ಲ ಅದನ್ನೇ ಕೊಡುವುದು. ರಕ್ತ ಹೆಪ್ಪುಗಟ್ಟಿದರೆ ಸಾಯುವ ರೋಗಕ್ಕೂ ಹೆಪ್ಪುಗಟ್ಟದಿದ್ದರೆ ಸಾಯುವ ರೋಗಕ್ಕೂ ನಡುವೆ ಅವನು ಮಲಗಿದ್ದ, ಅದು ಗೊತ್ತಿದ್ದವಳು ನಾನೊಬ್ಬಳೇ. ಒಳಗೆ ಮೇಜಿನ ಮೇಲೆ ಬೇರೊಬ್ಬರಿದ್ದರು, ಅವರದು ಮುಗಿಯಲೆಂದು ಕಾಯುತ್ತಿದ್ದೆವು. ಮೊಳಕೈಯಲ್ಲಿ ಸೂಜಿ ಚುಚ್ಚಿ ಒಂದು ಸಲ ತಪ್ಪಿದ್ದ ಜಾಗ ಊದಿಕೊಂಡು ನೀಲಿಗಟ್ಟಿತು. ಹತ್ತಿ ತೊಯ್ದು ಕೆಂಪಾಯಿತು. ನಾನು ಹಾಸಿಗೆಯ ಚಾದರ ಎಳೆದು ಅದರ ಮೇಲೆ ಮುಚ್ಚಿದೆ. ಮುಚ್ಚಿದ ಕೈ ಇದೇ.

ಅವತ್ತು ಅವನು ಹಾವೇರಿಗೆ ಹೋಗಬೇಕಾದ ಪಾಳಿಯ ದಿನವಾಗಿತ್ತು, ಸುಗ್ಗಿಯ ಗದ್ದಲದಲ್ಲಿ ನಾವು ಮರೆತಿದ್ದೆವು. ಪಾಳಿ ತಪ್ಪಿಸಿದವರಿಗೆ ಆಕೆ ಫೋನ್ ಮಾಡಿ ಬೈಯುವುದು ವಾಡಿಕೆ. ಬೈಯಲೆಂದೇ ಫೋನ್ ಮಾಡಿದಳು. ಮನೆಯಲ್ಲಿದ್ದ ಹುಡುಗಿ ಎತ್ತಿದಳು. ಪೇಟೆಯವರು ಅವಳಿಗೆ ಸುದ್ದಿ ಮುಟ್ಟಿಸಿದ್ದರು. ಅಪ್ಪನಿಗೆ ಎದೆನೋವು, ರಾಣೆಬೆನ್ನೂರಿಗೆ ಒಯ್ದಿದ್ದಾರೆ ಎಂದು ಅತ್ತುಕೊಂಡು ಹೇಳಿದಳಂತೆ. ಈಕೆ ಕೇಳಿದ್ದು ಒಂದೇ ಮಾತು: "ಚೀಟಿ ಕೊಳ್ಳಾಗ ಐತೋ, ರವೆ ಡಬ್ಬಿಯಾಗ ಐತೋ, ನೋಡು." ಹುಡುಗಿ ಡಬ್ಬಿ ತೆಗೆದು ನೋಡಿದಳು.

ಮುಕ್ಕಾಲು ತಾಸಾಗಿರಬೇಕು. ಆಕೆ ಬಂದಳು. ಸೀರೆಯ ಮೇಲೆ ಬಿಳಿ ಕೋಟು, ಸೊಂಟದ ಮೇಲೆ ಬಿಂದಿಗೆಯ ಹಾಗೆ ಐಸಿನ ಡಬ್ಬಿ. ಅಷ್ಟು ದೂರದಿಂದಲೇ ಕೂಗಿದಳು.

"ಏ ಬ್ಯಾಡಗಿ! ಹೇಳೀಯೇನು ಡಾಕ್ಟರಿಗೆ?"

ನಾನು ಕಣ್ಣಿನಿಂದಲೇ ಬೇಡಿಕೊಂಡೆ. ಬೀಗ ಇದ್ದಾನೆ, ಸುಮ್ಮನಿರು, ಒಳಗೆ ಹೋಗಿ ಹೇಳು ಎಂದು ತಲೆ ಆಡಿಸಿದೆ. ಆಕೆಗೆ ತಿಳಿಯಿತು. ತಿಳಿಯದಷ್ಟು ದಡ್ಡಳಲ್ಲ. ಚಾದರ ಎತ್ತಿ ಕೈ ನೋಡಿದಳು, ಹೆಬ್ಬೆರಳು ಒತ್ತಿದಳು, ಮತ್ತೆ ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿದಳು:

"ಡಾಕ್ಟರನ್ನ ಕರೀರಿ ಲಗೂನ! ಈತಗ ರಕ್ತ ನಿಲ್ಲಂಗಿಲ್ಲ, ಹುಟ್ಟಿದಾಗಿಂದ! ಫ್ಯಾಕ್ಟರ್ ಹೋಗೂತನಕ ಇನ್ನೊಂದು ಸೂಜಿ ಮುಟ್ಟಿಸಿದ್ರ ನೋಡ್ರಿ ಮತ್ತ!"

ಡಾಕ್ಟರ್ ಓಡಿ ಬಂದ. ಆಕೆ ಹೇಳಿದ್ದು ಕೇಳಿ ನನ್ನ ಕಡೆ ನೋಡಿ, "ಕೇಳಿದ್ನೆಲ್ಲಮ್ಮಾ ನಿಮ್ಮನ್ನ?" ಎಂದ. ಅವನು ಹುಬ್ಬಳ್ಳಿಯ ರಕ್ತದ ಡಾಕ್ಟರೊಬ್ಬರಿಗೆ ಫೋನ್ ಹಚ್ಚಿದ. ಈಕೆ ಬಾಟಲಿಗೆ ನೀರು ಸೇರಿಸಿ ಅಂಗೈಯಲ್ಲಿ ಮೆಲ್ಲಗೆ ಉರುಳಿಸುತ್ತ ನಿಂತಳು. ಅದನ್ನು ಅಲುಗಾಡಿಸುವಂತಿಲ್ಲ, ಉರುಳಿಸಬೇಕು. ಆಗ ಬೀಗ ಹತ್ತಿರ ಬಂದ.

"ಸಿಸ್ಟರ್ರ, ಇದು ಮಕ್ಕಳಿಗೂ ಬರ್ತದೇನ್ರಿ? ಇವರಿಗೊಬ್ಬಾಕಿ ಮಗಳದಾಳ."

ಆಕೆ ಬಾಟಲಿಯಿಂದ ಕಣ್ಣೆತ್ತಲಿಲ್ಲ. "ಮಗಳು ಹೊತಗೊಂಡಿರ್ತಾಳ. ಆಕಿಗೆ ಹುಟ್ಟೋ ಗಂಡಿಗೆ ಬಂದ್ರೂ ಬರಬಹುದು, ಬರದೇನೂ ಇರಬಹುದು. ಬಸರಿದ್ದಾಗ ಪರೀಕ್ಷಾ ಮಾಡ್ತಾರ. ಈಗ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ."

ಅವನಿಗೆ ರೀ ಹಚ್ಚಿದಳು, ನೋಡಿ.

ಫ್ಯಾಕ್ಟರ್ ಮೊದಲು ಹೋಯಿತು. ತೊಡೆಯಿಂದ ತಂತಿ ಹಾಕಿದರೆ ಒಳಗೇ ಸೋರಿದರೂ ಕಾಣುವುದಿಲ್ಲವೆಂದು ಮಣಿಕಟ್ಟಿನಿಂದ ಹಾಕಿದರು. ಆಮೇಲೆ, ರಕ್ತ ತೆಳುವಾಗುವ ಗುಳಿಗೆಗಳನ್ನು ಬೇಗ ಬಿಡಿಸಲು ಬರುವಂಥ ಸ್ಟೆಂಟನ್ನೇ ಆರಿಸಿದೆ ಎಂದು ಡಾಕ್ಟರ್ ಹೇಳಿದ. ತಮ್ಮ ಹೊರಗೆ ಬಂದಾಗ ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಕಟ್ಟಿದ್ದರು. ಆಕೆ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು.

"ಬ್ಯಾಂಡ್ ಐತೆಲ್ಲ ಸಿಸ್ಟರ್, ನೀವು ಹೊಂಡ್ರಿ ಇನ್ನ" ಎಂದ ಡಾಕ್ಟರ್.

"ಬ್ಯಾಂಡಿಗೆ ಕಣ್ಣಿಲ್ರಿ" ಎಂದಳು.

ಪಟ್ಟಿ ಬಿಚ್ಚಿದಾಗ ಸೋರಿತು. ಹೆಬ್ಬೆರಳು ಅಲ್ಲೇ ಕಾಯುತ್ತಿತ್ತು, ಇಟ್ಟಳು. ಹತ್ತು ನಿಮಿಷಕ್ಕೆ ನಿಲ್ಲಲಿಲ್ಲ. ವಾಚು ನೋಡಿ ಮತ್ತೆ ಮೊದಲಿನಿಂದ ಎಣಿಸಿದಳು. ಎರಡನೇ ಹತ್ತಕ್ಕೆ ನಿಂತಿತು. ಬೀಗ ಅಲ್ಲಿಯ ತನಕ ನಿಂತಿದ್ದ, ನನಗೆ ಚಹಾ ತಂದುಕೊಟ್ಟ. ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸಿಟ್ಟು ಹೋದ. ಮರುದಿನದಿಂದ ಫೋನ್ ಎತ್ತಲಿಲ್ಲ.

ತಮ್ಮ ಉಳಿದ ಕಥೆ ಇಲ್ಲಿಗೆ ಮುಗಿಯಲಿಲ್ಲ. ಸ್ಟೆಂಟ್ ಕಟ್ಟಿಕೊಳ್ಳಬಾರದೆಂದು ರಕ್ತ ತೆಳುವಾಗುವ ಗುಳಿಗೆ ಎರಡು ನಮೂನೆಯವು ಒಂದು ತಿಂಗಳು ನುಂಗಬೇಕು. ಅವು ಇವನನ್ನು ಒಳಗೇ ಸೋರಿಸಿ ಕೊಲ್ಲಬಾರದೆಂದು ಆ ತಿಂಗಳಿಡೀ ದಿನ ಬಿಟ್ಟು ದಿನ ಫ್ಯಾಕ್ಟರ್ ತಗೊಳ್ಳಬೇಕು. ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಒಂದು ಬಸ್ಸು, ಅಲ್ಲಿಂದ ಹಾವೇರಿಗೆ ಇನ್ನೊಂದು. ನಾನು ಅವನನ್ನು ಕರೆದುಕೊಂಡು ಹೋಗಿ ಬಾಗಿಲ ಹೊರಗೆ ಕುಳಿತುಕೊಳ್ಳುತ್ತಿದ್ದೆ, ಆಕೆಯ ಜೊತೆ ಮಾತು ಬಿಟ್ಟಿದ್ದೆ. "ಏ ಬ್ಯಾಡಗಿ, ಬಾಯಿಗೆ ಹೊಲಿಗಿ ಹಾಕಿಸೀಯೇನು?" ಎಂದು ಒಳಗಿಂದ ಕೂಗುತ್ತಿದ್ದಳು. ಮೂರನೇ ವಾರ ನನಗೆ ತಡೆಯಲಾಗಲಿಲ್ಲ. ಆಕೆ ತಮ್ಮನ ಕೈ ಒತ್ತಿ ನಿಂತಿದ್ದಳು, ಓಡಿಹೋಗುವಂತಿರಲಿಲ್ಲ. ಒಳಗೆ ಹೋದೆ.

"ನಮ್ಮ ಹುಡುಗಿ ಲಗ್ನ ಮುರದ್ರಿ ನೀವು. ಡಾಕ್ಟರನ್ನ ಒಂದು ಮೂಲಿಗೆ ಕರದು ಹೇಳಾಕ ಬರ್ತಿರಲಿಲ್ಲೇನು? ಊರಿಗೆಲ್ಲ ಡಂಗುರ ಹೊಡೀಬೇಕಿತ್ತೇನು?"

"ಮೂಲಿ ಹುಡುಕಾಕ ನನಗ ಹೊತ್ತಿರಲಿಲ್ಲ."

"ಬೀಗ ಕೇಳಿದಾಗರ? ಆವಾಗ ಹೊತ್ತಿತ್ತೆಲ್ಲ. ಗೊತ್ತಿಲ್ರಿ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಆಕೆ ವಾಚು ನೋಡಿದಳು. "ಗೊತ್ತಿತ್ತಲ್ಲ" ಎಂದಳು.

"ಲಗ್ನ ಆದ ಮ್ಯಾಲ ನಾವ ಹೇಳ್ತಿದ್ವಿ."

"ಯಾವಾಗ? ಆಕಿ ಕೂಸಿನ ಕಿವಿ ಚುಚ್ಚಿಸಿದ ಮೂರನೇ ದಿನಕ್ಕೇನು?"

ಅಣ್ಣನ ವಿಷಯವನ್ನು ನಾನೇ ಎಂದೋ ಬಾಯಿ ಜಾರಿ ಹೇಳಿದ್ದೆ. ಅದನ್ನು ಎತ್ತಿ ನನ್ನ ಮುಖಕ್ಕೆ ಹೊಡೆದಳು. ತಮ್ಮ, "ಅಕ್ಕಾ, ಹೊರಗ ನಡಿ" ಎಂದ. ನಾನು ಆಕೆಗೆ ಶಾಪ ಹಾಕಿದೆ, ಇಲ್ಲಿ ಬರೆಯುವಂಥದ್ದಲ್ಲ. ಆಕೆ, "ಆರಾತು, ಇನ್ನ ನಾಕು ನಿಮಿಷ ಐತಿ, ಉಳದದ್ದೂ ಬೈದುಬಿಡು" ಎಂದಳು. ಬೈದೆ.

ನಾನು ಸುಳ್ಳು ಹೇಳಿದ್ದು ಖರೆ. ಚಾದರ ಮುಚ್ಚಿದ್ದೂ ಖರೆ. ಆಕೆ ಬರದಿದ್ದರೆ ನನ್ನ ಕೈಯಾರೆ ತಮ್ಮನನ್ನು ಕಳೆದುಕೊಳ್ಳುತ್ತಿದ್ದೆ, ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆಕೆ ಡಾಕ್ಟರಿಗೆ ಕೂಗಿ ಹೇಳಿದ್ದನ್ನು ಮನಸ್ಸಿನಿಂದ ಬಿಟ್ಟುಬಿಟ್ಟೆ. ಆದರೆ ಬೀಗನಿಗೆ ಹೇಳಿದ್ದು ಯಾವ ಜೀವ ಉಳಿಸಲು? ಅದು ನಮ್ಮ ಮನೆಯ ಮಾತು, ನಾವು ಹೇಳಬೇಕಾದ ಹೊತ್ತಿಗೆ ನಾವು ಹೇಳುವ ಮಾತು. ಅದನ್ನು ಆಕೆ ಬಾಟಲಿ ಉರುಳಿಸುತ್ತ ಹೇಳಿ ಮುಗಿಸಿದಳು. ಈ ಲೆಕ್ಕದಲ್ಲಿ ನಾನು ಆಕೆಯನ್ನು ಕ್ಷಮಿಸಿಲ್ಲ. ಸತ್ತಳೆಂದು ಕ್ಷಮಿಸುವ ಚಟ ನನಗಿಲ್ಲ.

ಹುಡುಗಿ ಮಾತ್ರ ಆಕೆಯ ಕಡೆ ಆದಳು. ಈಗ ಗಂಡಿನವರು ನೋಡಲು ಬಂದರೆ ಅವಲಕ್ಕಿಯ ತಟ್ಟೆಯ ಪಕ್ಕದಲ್ಲಿ ಅಪ್ಪನ ಕೆಂಪು ಅಕ್ಷರದ ಚೀಟಿಯನ್ನೂ ಇಡುತ್ತಾಳೆ. "ಮೊದ್ಲ ಇದನ್ನ ಓದ್ರಿ, ಆಮ್ಯಾಲ ಚಹಾ ತರ್ತೇನಿ" ಎನ್ನುತ್ತಾಳೆ. ಮೂರು ಮನೆಯವರು ಓದಿ, ಚಹಾ ಕುಡಿಯದೇ ಎದ್ದರು. "ಎದ್ದು ಹೋಗೋರು ಈಗ ಹೋಗ್ಲಿ ಬಿಡ ಅತ್ತಿ" ಎನ್ನುತ್ತಾಳೆ. ಇದೂ ಆಕೆಯ ಬಾಯಿಂದ ಕಲಿತದ್ದೇ.

ನಿವೃತ್ತಿಗೆ ಮುಂಚೆ ಆಕೆ ಒಬ್ಬೊಬ್ಬರ ಮನೆಯವರನ್ನು ಹಿಡಿದು ಕೂರಿಸಿ ಮನೆಯಲ್ಲೇ ಫ್ಯಾಕ್ಟರ್ ಕೊಡುವುದನ್ನು ಕಲಿಸಿದಳು. ನಮ್ಮಲ್ಲಿ ಸೂಜಿ ಹುಡುಗಿಗೆ, ಒತ್ತುವುದು ನನಗೆ. ನಾನು ಒಲ್ಲೆ ಎಂದೆ. "ನೀ ಒಲ್ಲೆ ಅಂದ್ರ ಬಿಡಾಕ ಇದೇನು ಲಗ್ನದ ಊಟ ಅಲ್ಲ" ಎಂದು ನನ್ನ ಕೈ ಎಳೆದು ಮೂಸಿ ನೋಡಿದಳು. ಮೆಣಸಿನಕಾಯಿಯ ಖಾರ ಉಗುರಿನ ಸಂದಿನಲ್ಲಿ ಕುಳಿತಿತ್ತು. ಎಣ್ಣೆ ತಿಕ್ಕಿಸಿ, ಸಾಬೂನಿನಿಂದ ಮೂರು ಸಲ ತೊಳೆಸಿದಳು. ಆಮೇಲೆ ನನ್ನ ಹೆಬ್ಬೆರಳನ್ನು ತಮ್ಮನ ತೋಳಿನ ಹತ್ತಿಯ ಮೇಲಿಟ್ಟು, ಅದರ ಮೇಲೆ ತನ್ನದನ್ನಿಟ್ಟು ಒತ್ತಿದಳು. ಸ್ವಲ್ಪ ಹೊತ್ತಿಗೆ ತನ್ನದನ್ನು ತೆಗೆದಳು.

"ತೊಟ್ಟು ಮುರಿಯೋ ಬೆರಳು. ಗಟ್ಟಿ ಐತಿ" ಎಂದಳು. ಹನ್ನೆರಡು ವರ್ಷದಲ್ಲಿ ನನ್ನ ಬಗ್ಗೆ ಆಡಿದ ಒಂದೇ ಒಳ್ಳೆಯ ಮಾತು, ಅದೂ ಬೆರಳಿನ ಬಗ್ಗೆ. "ಆದ್ರ ನಿನಗ ತಾಳ್ಮಿ ಇಲ್ಲ. ಎಂಟಕ್ಕ ಬಿಟ್ಟುಬಿಡ್ತಿ ನೀನು. ಬರದು ಕೊಡ್ತೇನಿ ಬೇಕಂದ್ರ."

ಅದೇ ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು.

ಈಗ ವಾರಕ್ಕೆ ಎರಡು ದಿನ, ಮುಂಜಾನೆ ಚಹಾ ಆದ ಮೇಲೆ, ಹುಡುಗಿ ಸೂಜಿ ತೆಗೆದು ಎದ್ದು ಹೋಗುತ್ತಾಳೆ, ನಾನು ಒತ್ತುತ್ತೇನೆ. ಗೋಡೆಯ ಗಡಿಯಾರ ಎದುರಿಗೇ ಇದೆ. ಫೋಟೋಕ್ಕೆ ಹಾರ ಹಾಕಿ ಬಂದ ಮರುದಿನವೂ ಒತ್ತಿದೆ. ಸೊಂಟ ನೋಯುತ್ತಿತ್ತು, ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು.

"ನಿಂತೇತಿ ಬಿಡ ಅಕ್ಕಾ, ಸಾಕು" ಎಂದ ತಮ್ಮ.

ನಾನು ಗಡಿಯಾರ ನೋಡಿದೆ. ಎಂಟು ನಿಮಿಷ ಆಗಿತ್ತು.

"ಸುಮ್ನ ಕುಂದ್ರೋ" ಎಂದೆ. "ಆಕಿ ಹೇಳಿದಂಗ ಆಗಾಕ ನಾ ಬಿಡಂಗಿಲ್ಲ."